ವೀಣೆ ಪಾಠಕ್ಕೆ ನೆಲದ ಮೇಲೆ 45 ನಿಮಿಷ: ಕೂರುವುದು ಹೇಗೆ? (ಜೊತೆಗೆ, ‘ಶ್ರುತಿ ಕೂತಿಲ್ಲ’ ಅಂದರೆ ಏನು?)

ಗಾಂಧಿಬಜಾರ್_ವೀಣೆ ಕೇಳಿದ ಪ್ರಶ್ನೆ

ಬಸವನಗುಡಿಯ ಒಂದು ಮನೆಯಲ್ಲಿ ವಾರಕ್ಕೆರಡು ದಿನ ವೀಣೆ ಪಾಠ ನಡೆಯುತ್ತದೆ. ಕಲಿಯುವವರು ಒಂಬತ್ತು ಜನ, ವಯಸ್ಸು 30ರಿಂದ 65. ಹೆಚ್ಚಿನವರು ಹಗಲೆಲ್ಲಾ ಕುರ್ಚಿಯಲ್ಲಿ ಕೂತು ದುಡಿಯುವವರು. ಗ್ರಾನೈಟ್ ನೆಲ, ಅದರ ಮೇಲೆ ಒಂದೇ ಒಂದು ಜಮಖಾನ. ಪಾಠ ಶುರುವಾಗಿ ಹದಿನೈದು ನಿಮಿಷಕ್ಕೆ ಬೆನ್ನು ಗೂನಾಗುತ್ತದೆ, ಮಂಡಿಗಳು ನೆಲ ಮುಟ್ಟದೆ ಗಾಳಿಯಲ್ಲೇ ಇರುತ್ತವೆ, ಎಡಗಾಲು ಜೋಮು ಹಿಡಿಯುತ್ತದೆ. ‘ಅಭ್ಯಾಸವಾದರೆ ಸರಿಹೋಗುತ್ತೆ’ ಎಂದು ಎಲ್ಲರೂ ಹೇಳುತ್ತಾರೆ, ಎರಡು ತಿಂಗಳಾದರೂ ಸರಿಹೋಗಿಲ್ಲ.

ಕೆಳಗೆ ಏನು ಹಾಕಬೇಕು, ಎಷ್ಟು ಎತ್ತರ? ಚಕ್ಕಳಮಕ್ಕಳದ ಬದಲು ವಜ್ರಾಸನ ಆಗುತ್ತದೆಯೇ? ಇನ್ನೊಂದು ಮಾತಿನ ವಿಚಾರ: ‘ಶ್ರುತಿ ಕೂತಿಲ್ಲ’ ಅನ್ನುವಾಗಿನ ಕೂರುವುದಕ್ಕೂ ನಾವು ನೆಲದ ಮೇಲೆ ಕೂರುವುದಕ್ಕೂ ಸಂಬಂಧ ಇದೆಯೇ?

ಸೊಂಟದ_ಬಟ್ಟಲು

ಮಂಡಿಯನ್ನು ದೂರಬೇಡಿ, ತೊಂದರೆ ಇರುವುದು ಸೊಂಟದಲ್ಲಿ. ಚಕ್ಕಳಮಕ್ಕಳ ಹಾಕುವಾಗ ತೊಡೆ ಹೊರಕ್ಕೆ ಹೊರಳಬೇಕು. ಆ ಹೊರಳುವಿಕೆ ತೊಡೆಮೂಳೆಯ ಗುಂಡು ಸೊಂಟದ ಬಟ್ಟಲಿನೊಳಗೆ ತಿರುಗುವುದರಿಂದ ಬರುತ್ತದೆ. ಮಂಡಿ ಬಾಗಿಲಿನ ಕೀಲಿನ ಹಾಗೆ ಮಡಚುತ್ತದೆ, ಬಿಚ್ಚುತ್ತದೆ, ತಿರುಗುವುದು ತೀರಾ ಕಡಿಮೆ. ಸೊಂಟ ಹೊರಳದಿದ್ದಾಗ ಮಂಡಿಯನ್ನು ಕೈಯಿಂದ ಒತ್ತಿ ನೆಲಕ್ಕೆ ತಂದರೆ ಆ ತಿರುಚು ಪೂರಾ ಮಂಡಿಯೊಳಗಿನ ಮೆತ್ತೆಯ ಮೇಲೆ, ಹೆಚ್ಚಾಗಿ ಮೆನಿಸ್ಕಸ್ ಎಂಬ ಒಳಬದಿಯ ಮೆತ್ತೆಯ ಮೇಲೆ ಬೀಳುತ್ತದೆ. ಪದ್ಮಾಸನ ಬಲವಂತವಾಗಿ ಹಾಕಿ ಮಂಡಿ ಕೆಡಿಸಿಕೊಳ್ಳುವುದು ಹೀಗೆಯೇ. ದಯವಿಟ್ಟು ಯಾರ ಮಂಡಿಯನ್ನೂ ಯಾರೂ ಒತ್ತಬೇಡಿ.

ಬೆನ್ನು ಗೂನಾಗುವುದಕ್ಕೂ ಕಾರಣ ಅದೇ. ಪಿರ್ರೆಯ ಕೆಳಗೆ ಎರಡೂ ಕಡೆ ಒಂದೊಂದು ಗಟ್ಟಿ ಮೂಳೆ ಇದೆ. ಅಂಗೈ ಮೇಲೆ ಕೂತು ನೋಡಿದರೆ ಕೈಗೆ ಚುಚ್ಚುತ್ತದೆ. ಭಾರ ಅವುಗಳ ಮೇಲೆ ನೇರವಾಗಿ ಬಿದ್ದರೆ ಬೆನ್ನು ತಾನಾಗಿ ನಿಲ್ಲುತ್ತದೆ. ಸೊಂಟ ಬಿಗಿಯಾಗಿರುವವರು ಬರಿನೆಲದಲ್ಲಿ ಕೂತಾಗ ಸೊಂಟ ಹಿಂದಕ್ಕೆ ಉರುಳಿ ಭಾರ ಬಾಲಮೂಳೆಯ ಕಡೆಗೆ ಜಾರುತ್ತದೆ. ಆಮೇಲೆ ‘ನೆಟ್ಟಗೆ ಕೂತ್ಕೊಳ್ಳಿ’ ಎಂದು ಹತ್ತು ಸಲ ಹೇಳಿದರೂ ಪ್ರಯೋಜನವಿಲ್ಲ. ಅವರು ಭುಜ ಹಿಂದಕ್ಕೆಳೆದು ಐದು ನಿಮಿಷ ತಡೆದುಕೊಳ್ಳುತ್ತಾರೆ, ಮತ್ತೆ ಕುಸಿಯುತ್ತಾರೆ.

ಮಾಡಬೇಕಾದ್ದು ಇಷ್ಟು. 8 ಸೆಂ.ಮೀ. ಎತ್ತರದಿಂದ ಶುರು ಮಾಡಿ. ಹತ್ತಿಯ ಜಮಖಾನವನ್ನು ಮಡಚಿ ಮಡಚಿ ಆ ಎತ್ತರಕ್ಕೆ ತಂದರೂ ಸಾಕು, ತೆಂಗಿನ ನಾರಿನ ಗಟ್ಟಿ ದಿಂಬಾದರೂ ಆದೀತು. ಸ್ಪಂಜು ಬೇಡ. 10 ಸೆಂ.ಮೀ. ಸ್ಪಂಜು ಭಾರಕ್ಕೆ ಅರ್ಧವಾಗಿಬಿಡುತ್ತದೆ, ಅದೂ ಎರಡು ಕಡೆ ಸಮನಾಗಿ ಅಲ್ಲ. ಊಟದ ಮಣೆ ಗಟ್ಟಿ ಹೌದು, ಎತ್ತರ ಸಾಲದು. ಅದರ ಮೇಲೆ ಮಡಚಿದ ಕಂಬಳಿ ಹಾಕಿ. ದಿಂಬಿನ ನಡುವೆ ಕೂರಬಾರದು, ಮುಂದಿನ ಮೂರನೇ ಒಂದು ಭಾಗದಲ್ಲಿ ಕೂರಬೇಕು, ತೊಡೆ ಅಂಚಿನಿಂದ ಇಳಿಜಾರಾಗಿ ಹೋಗಬೇಕು. ಪಕ್ಕದಿಂದ ಒಬ್ಬರು ನೋಡಿ ಹೇಳಲಿ: ಮಂಡಿ ಸೊಂಟಕ್ಕಿಂತ ಕೆಳಗಿದೆಯೇ? ಇಲ್ಲದಿದ್ದರೆ ಇನ್ನೆರಡು ಸೆಂಟಿಮೀಟರು ಏರಿಸಿ. ಕೆಲವರಿಗೆ 15 ಬೇಕಾದೀತು, ಅದರಲ್ಲಿ ಅವಮಾನವೇನೂ ಇಲ್ಲ. ಒಂಬತ್ತು ಜನಕ್ಕೆ ಒಂದೇ ಅಳತೆಯ ದಿಂಬು ಹೊಲಿಸಿದರೆ ಅರ್ಧ ಜನಕ್ಕೆ ಆಗಿಬರುವುದಿಲ್ಲ.

ಆ ಎತ್ತರದಲ್ಲೂ ಮಂಡಿ ಗಾಳಿಯಲ್ಲಿದ್ದರೆ ಅದರ ಕೆಳಗೆ ಟವೆಲ್ ಸುರುಳಿ ತುಂಬಿ. ಆಧಾರ ಸಿಕ್ಕದ ಮಂಡಿಯನ್ನು ತೊಡೆಸಂದಿನ ಸ್ನಾಯುಗಳು ಹಿಡಿದುಕೊಂಡೇ ಇರುತ್ತವೆ, ಸಡಿಲವಾಗುವುದೇ ಇಲ್ಲ. ಕಾಲಿನ ಹರಡಿನ ಕೆಳಗೂ ಒಂದು ಮಡಿಕೆ ಬಟ್ಟೆ ಇರಲಿ, ಗ್ರಾನೈಟಿಗೆ ಒತ್ತಿದ ಮೂಳೆಯ ನೋವೇ ಎಷ್ಟೋ ಜನರನ್ನು ಎಬ್ಬಿಸಿಬಿಡುತ್ತದೆ.

ಗಾಂಧಿಬಜಾರ್_ವೀಣೆ

ಎರಡು ಜಮಖಾನ ಮಡಚಿ ಪ್ರಯೋಗ ಮಾಡಿದೆವು. ಬೆನ್ನು ನಿಂತಿತು. ಆದರೆ ವೀಣೆಯ ಎಡಬುರುಡೆ (ಎಡತುದಿಯ ಸೋರೆಬುರುಡೆ) ತೊಡೆಯಿಂದ ಮುಂದಕ್ಕೆ ಜಾರುತ್ತಿದೆ. ಜೋಮು ಇನ್ನೂ ಇದೆ.

ಕೊಡ_ತಂತಿ

ಜಾರುವುದು ಸಹಜ. ವೀಣೆಯ ಕೊಡ (ಮೀಟುವ ಬದಿಯ ದೊಡ್ಡ ದುಂಡು ಭಾಗ) ಬಲಗಡೆ ನೆಲದ ಮೇಲೆ, ಸೋರೆಬುರುಡೆ ಎಡತೊಡೆಯ ಮೇಲೆ. ನೀವು ಆಸನ ಎತ್ತರಿಸಿದಿರಿ, ಕೊಡ ನೆಲದಲ್ಲೇ ಉಳಿಯಿತು, ಎಡತೊಡೆ ಮಂಡಿಯ ಕಡೆಗೆ ಇಳಿಜಾರಾಯಿತು. ಎಡಮಂಡಿಯ ಕೆಳಗೆ 4–5 ಸೆಂ.ಮೀ. ಬಟ್ಟೆ ಮಡಿಕೆ ಇಟ್ಟು ತೊಡೆಯನ್ನು ಮಟ್ಟಕ್ಕೆ ತನ್ನಿ. ಬುರುಡೆಗೂ ತೊಡೆಗೂ ನಡುವೆ ಒದ್ದೆ ಮಾಡಿ ಹಿಂಡಿ ಒಣಗಿಸಿದ ಒರಟು ಹತ್ತಿಬಟ್ಟೆ ಹಾಕಿ. ರೇಷ್ಮೆ, ಪಾಲಿಯೆಸ್ಟರ್ ಮೇಲೆ ಬುರುಡೆ ನಿಲ್ಲುವುದಿಲ್ಲ. ಕೊಡದ ಕೆಳಗೂ 2–3 ಸೆಂ.ಮೀ. ಮಡಿಕೆ ಇಟ್ಟರೆ ಬಲಗೈ ಮೀಟುವುದಕ್ಕೆ ಬಲಭುಜ ಇಳಿಸಬೇಕಾಗುವುದಿಲ್ಲ. ಎಡಗೈ ಮೆಟ್ಟಿಲ (ತಂತಿ ಒತ್ತುವ ಅಡ್ಡಪಟ್ಟಿಗಳ) ಮೇಲೆ ಓಡಾಡಬೇಕು, ವೀಣೆಯ ಭಾರ ಹೊರಬಾರದು. ಎಡಗೈ ಬಿಟ್ಟರೂ ವೀಣೆ ಅಲುಗದೆ ನಿಂತರೆ ಎತ್ತರ ಸರಿಯಾಗಿದೆ ಎಂದು ತಿಳಿಯಿರಿ. 24 ಮೆಟ್ಟಿಲಲ್ಲಿ ಕೊನೆಯದನ್ನು ಮುಟ್ಟುವಾಗ ಮೈ ಬಾಗಬೇಕಾದರೆ ವೀಣೆ ಪಕ್ಕಕ್ಕೆ ಹೆಚ್ಚು ಸರಿದಿದೆ.

ಸೊಂಟದ_ಬಟ್ಟಲು

ಜೋಮಿನ ಬಗ್ಗೆ. ‘ರಕ್ತ ನಿಂತುಹೋಗುತ್ತದೆ’ ಎಂದು ಹೇಳುತ್ತಾರೆ, ಮುಖ್ಯವಾಗಿ ಆಗುವುದು ನರದ ಮೇಲಿನ ಒತ್ತಡ. ಮಂಡಿಯ ಹೊರಬದಿ, ಸ್ವಲ್ಪ ಕೆಳಗೆ ಒಂದು ಗಂಟಿನಂಥ ಮೂಳೆ ಕೈಗೆ ಸಿಗುತ್ತದೆ. ಪಾದವನ್ನು ಮೇಲೆತ್ತುವ ನರ ಅದರ ಸುತ್ತ, ಚರ್ಮದ ಕೆಳಗೇ ಹಾದುಹೋಗುತ್ತದೆ. ಪಾದವನ್ನು ಎದುರು ಮಂಡಿಯ ಕೆಳಗೆ ತೂರಿಸಿ ಬಿಗಿಯಾಗಿ ಕೂತಾಗ ಅಲ್ಲಿ ಒತ್ತುತ್ತದೆ. ಎಡತೊಡೆಯ ಮೇಲೆ ವೀಣೆಯ ಭಾರವೂ ಇರುವುದರಿಂದ ನಿಮ್ಮಲ್ಲಿ ಎಡಗಾಲಿಗೇ ಜೋಮು ಹಿಡಿಯುತ್ತಿದೆ. ಕಾಲುಗಳನ್ನು ಒಂದರ ಮೇಲೊಂದು ಏರಿಸದೆ ಒಂದರ ಮುಂದೊಂದು ಇಡಿ, ಹಿಮ್ಮಡಿಗೂ ತೊಡೆಸಂದಿಗೂ ಒಂದು ಗೇಣು ಜಾಗ ಬಿಡಿ. 20 ನಿಮಿಷಕ್ಕೊಮ್ಮೆ ವೀಣೆ ಇಳಿಸಿ ಮುಂದಿನ ಕಾಲನ್ನು ಹಿಂದಕ್ಕೆ ಬದಲಿಸಿ. ಯಾವಾಗಲೂ ಒಂದೇ ಕಾಲನ್ನು ಮುಂದಿಡುವ ಅಭ್ಯಾಸ ಎಲ್ಲರಿಗೂ ಇರುತ್ತದೆ, ಗಮನಿಸಿ ನೋಡಿ.

ವಜ್ರಾಸನ ವೀಣೆಗೆ ಒಗ್ಗುವುದಿಲ್ಲ, ಬುರುಡೆಗೆ ತೊಡೆಯ ಅಗಲ ಸಿಗುವುದಿಲ್ಲ. ಊಟವಾದ ಮೇಲೆ ಐದು–ಹತ್ತು ನಿಮಿಷ ಕೂರುವವರಿಗೆ ತೊಂದರೆಯಿಲ್ಲ. ಗಂಟೆಗಟ್ಟಲೆ ಕೂತರೆ ಮಾತ್ರ ಆ ನರವೇ ಸೋತು ಪಾದ ಜೋತುಬೀಳುವುದುಂಟು. ಇದು 1971ರಲ್ಲೇ ವೈದ್ಯ ಪತ್ರಿಕೆಯಲ್ಲಿ ದಾಖಲಾಗಿದೆ. ಕಾಲು ಬಿಚ್ಚಿದ ಎರಡು ನಿಮಿಷದಲ್ಲಿ ಜೋಮು ಇಳಿಯಬೇಕು. ಇಳಿಯದಿದ್ದರೆ, ಅಥವಾ ಹೆಬ್ಬೆರಳು ಮೇಲೆತ್ತಲು ಆಗದಿದ್ದರೆ ವೈದ್ಯರಿಗೆ ತೋರಿಸಿ. ಜೋಮು ಹಿಡಿದ ಕಾಲಿನ ಮೇಲೆ ತಟ್ಟನೆ ಎದ್ದು ನಿಲ್ಲಲೇಬೇಡಿ, ಹರಡು ಮಡಚಿಕೊಂಡು ಬೀಳುವುದು ಆಗಲೇ.

ಪದಗಣಿ

ಮೂರನೇ ಪ್ರಶ್ನೆಗೆ ನನ್ನ ಉತ್ತರ: ಖಂಡಿತ ಸಂಬಂಧ ಇದೆ. ಕನ್ನಡದಲ್ಲಿ ಕೂರುವುದು ಎಂದರೆ ಬರೀ ಮೈಯ ಭಂಗಿಯಲ್ಲ, ಅಲುಗುತ್ತಿದ್ದದ್ದು ತನ್ನ ಜಾಗ ಕಂಡುಕೊಂಡು ನಿಲ್ಲುವುದು. ತಂತಿ ಬಿಗಿದು ಸ್ವರ ತನ್ನ ಜಾಗದಲ್ಲಿ ನಿಂತಾಗ ಶ್ರುತಿ ಕೂತಿತು ಎನ್ನುತ್ತೇವೆ. ರವಿಕೆ ಭುಜಕ್ಕೆ ಸರಿಯಾಗಿ ಕೂರುತ್ತದೆ, ಹೇಳಿದ ಮಾತು ಮನಸ್ಸಿನಲ್ಲಿ ಕೂರುತ್ತದೆ, ಫಿಲ್ಟರಿನಲ್ಲಿ ಕಾಫಿಪುಡಿ ಕೂತ ಮೇಲೆಯೇ ಡಿಕಾಕ್ಷನ್ ಹನಿಯುವುದು. ಕೋಳಿ ಕಾವಿಗೆ ಕೂತರೆ 21 ದಿನ.

ಆದರೆ ಇದೇ ಪದ ಕುಸಿತಕ್ಕೂ ಬರುತ್ತದೆ. ಗಂಟಲು ಕೂತುಹೋಯಿತು, ಪಾಯ ಕೂತುಹೋಗಿ ಗೋಡೆ ಬಿರುಕುಬಿಟ್ಟಿತು. ‘ಹೋಗು’ ಸೇರಿದ ತಕ್ಷಣ ನೆಲೆ ನಿಲ್ಲುವುದು ಬದಲಾಗಿ ನೆಲ ಕಚ್ಚುವುದಾಗುತ್ತದೆ. ಇನ್ನೊಂದು ಕ್ರಿಯಾಪದದ ನಂತರ ಬಂದರೆ ಮುಗಿಯದ, ಹೆಚ್ಚಿನ ಸಲ ಫಲವಿಲ್ಲದ ಕೆಲಸ: ‘ಅದನ್ನೇ ಹೇಳುತ್ತಾ ಕೂತ’, ‘ನೋಡ್ತಾ ಕೂತ್ರೆ ಆಗುತ್ತಾ?’ ಕೂತು ಉಣ್ಣುವವನಿಗೆ ಕುಡಿಕೆ ಹೊನ್ನು ಸಾಲದು ಎಂಬ ಗಾದೆಯ ಕೂರುವಿಕೆ ಇದೇ.

ಸಂಸ್ಕೃತದ ‘ಸದ್’ ಧಾತುವಿನಲ್ಲೂ ಈ ಎರಡು ಮುಖ ಇವೆ, ಕೂರುವುದೂ ಹೌದು, ಕುಸಿಯುವುದೂ ಹೌದು. ಹತ್ತಿರ ಕೂರುವುದು ಉಪನಿಷತ್, ಸುತ್ತ ಕೂರುವುದು ಪರಿಷತ್, ಒಟ್ಟಿಗೆ ಕೂರುವುದು ಸಂಸತ್. ಕುಸಿದುಹೋದ ಮನಸ್ಸು ವಿಷಾದ. 1915ರಲ್ಲಿ ಹುಟ್ಟಿದ, ಚಾಮರಾಜಪೇಟೆಯ ಸಾಹಿತ್ಯ ಪರಿಷತ್ತಿನ ಹೆಸರಲ್ಲೂ ವಿಧಾನಸೌಧದ ಸದನ, ಸದಸ್ಯ ಎಂಬ ಪದಗಳಲ್ಲೂ ಕೂತಿರುವುದು ಈ ಧಾತುವೇ. ಫ್ರೀಡಂ ಪಾರ್ಕಿನಲ್ಲಿ ಧರಣಿ ಕೂರುವವರದ್ದು ಬೇರೆ ಕೂರುವಿಕೆ, ಅಲ್ಲಿ ಏಳದಿರುವುದೇ ಮಾತು.

ನನಗೆ ತುಂಬಾ ಇಷ್ಟವಾದದ್ದು ‘ಕೂರಿಸು’. ಗಣೇಶನನ್ನು ಕೂರಿಸುತ್ತೇವೆ, ಆಮೇಲೆ ಬಿಡುತ್ತೇವೆ. ದಸರೆಗೆ ಗೊಂಬೆ ಕೂರಿಸುತ್ತೇವೆ, ನಿಂತ ಗೊಂಬೆಯೂ ಸೇರಿ. ಅಲ್ಲಿಗೆ ಪದ ಭಂಗಿಯನ್ನು ಪೂರ್ತಿ ಬಿಟ್ಟು ‘ನೆಲೆಗೊಳಿಸು’ ಆಯಿತು. ಬೆಂಗಳೂರಿನ ಕೂತ್ಕೊಳ್ಳಿ, ಮಂಡ್ಯದ ಕಡೆಯ ಕುಂತ್ಕೊಳ್ಳಿ, ಧಾರವಾಡದ ಕುಂದರ್ರಿ, ಕುಂದಾಪುರದ ಕೂಕಣಿ, ಯಾವುದರಲ್ಲಿ ಕರೆದರೂ ಬಂದವರು ಇಲ್ಲಿ ನೆಲೆ ನಿಲ್ಲಲಿ ಎಂಬ ಆಸೆಯೇ ಇದೆ.

ಕಲ್ಲುಚಪ್ಪಡಿ

ಕೇಳಲು ಬರುವವರಿಗೆ, ಸರದಿ ಕಾಯುವವರಿಗೆ ಒಂದು ಹಳೆಯ ಉಪಾಯ: ಯೋಗಪಟ್ಟಿ. ಮೇಲುಕೋಟೆ ಬೆಟ್ಟದ ಯೋಗನರಸಿಂಹ ನೆನಪಿರಬೇಕಲ್ಲ, ಮೇಲೆದ್ದ ಮಂಡಿಗಳನ್ನು ಸುತ್ತಿದ ಪಟ್ಟಿ? ಹಂಪಿಯಲ್ಲಿ 1528ರ, 6.7 ಮೀಟರ್ ಎತ್ತರದ ನರಸಿಂಹನಿಗೂ ಅದೇ ಪಟ್ಟಿ, ಅಯ್ಯಪ್ಪನಿಗೂ ಅದೇ. ಅಲಂಕಾರ ಎಂದು ದಾಟಿ ಹೋಗುತ್ತೇವೆ, ಆದರೆ ಅದು ನಿಜಕ್ಕೂ ಕೆಲಸ ಮಾಡುವ ಸಾಧನ. ಸುಮಾರು 2.5 ಮೀಟರ್ ಉದ್ದ, ಒಂದು ಗೇಣು ಅಗಲದ ಹಿಗ್ಗದ ಹತ್ತಿ ಪಂಚೆ ತೆಗೆದುಕೊಳ್ಳಿ. ಕಾಲು ಮಡಚಿ ಮಂಡಿ ಎತ್ತಿ ಕೂತು, ಪಂಚೆಯನ್ನು ಬೆನ್ನಿನ ಕೆಳಭಾಗದಿಂದ ಸುತ್ತಿ ಮಂಡಿಗಳ ಸ್ವಲ್ಪ ಕೆಳಗೆ ತಂದು ಗಂಟು ಹಾಕಿ. ಮಂಡಿ ಹೊರಕ್ಕೆ ತಳ್ಳುತ್ತದೆ, ಪಟ್ಟಿ ಸೊಂಟವನ್ನು ಮುಂದಕ್ಕೆ ಎಳೆಯುತ್ತದೆ, ಒಂದರ ಬಲ ಇನ್ನೊಂದಕ್ಕೆ. ಸೊಂಟ ಬಿಗಿಯಾದವರೂ ಗೋಡೆಗೆ ಒರಗದೆ ಅರ್ಧ ಗಂಟೆ ಕೂರಬಹುದು. ಪಟ್ಟಿ ಬೆನ್ನಿನ ನಡುವಿಗೆ ಏರಿದರೆ ಗೂನು ಹೆಚ್ಚಾಗುತ್ತದೆ, ಸೊಂಟಮೂಳೆಯ ಮಟ್ಟದಲ್ಲೇ ಇರಬೇಕು.

ಗಾಂಧಿಬಜಾರ್_ವೀಣೆ

ಎಡಮಂಡಿಯ ಮಡಿಕೆ ಕೆಲಸ ಮಾಡಿತು, ಬುರುಡೆ ನಿಂತಿದೆ. ಒಂದು ಉಳಿಯಿತು: ಒಬ್ಬರಿಗೆ ಎರಡೂ ಮಂಡಿಯ ಕೀಲು ಬದಲಿಸಿದ್ದಾರೆ. ಅವರಿಗೆ?

ಸೊಂಟದ_ಬಟ್ಟಲು

ಅವರ ಶಸ್ತ್ರವೈದ್ಯರು ಒಪ್ಪುವವರೆಗೆ ನೆಲ ಬೇಡ. ಕೈಯಿಲ್ಲದ ಗಟ್ಟಿ ಕುರ್ಚಿ, ಪಾದ ಪೂರ್ತಿ ನೆಲಕ್ಕೆ ತಾಗುವ ಎತ್ತರ, ಮಂಡಿಯ ಹಿಂದೆ ಎರಡು ಬೆರಳು ಜಾಗ.

ಕೊಡ_ತಂತಿ

ವೀಣೆಯನ್ನು ಅವರ ತೊಡೆಯ ಮೇಲೆ ಹೊರಿಸಬೇಡಿ, ಅಗಲವಾದ ಮರದ ಮೇಜಿನ ಮೇಲಿಡಿ. ಮೇಜಿನ ಮೇಲ್ಮೈ ಅವರು ಕೂತಾಗಿನ ತೊಡೆಗಿಂತ 2 ಸೆಂ.ಮೀ. ಮೇಲಿದ್ದರೆ ಸಾಕು. ಕೊಡಕ್ಕೂ ಬುರುಡೆಗೂ ಬಟ್ಟೆ ಸುತ್ತಿದ ಹಗ್ಗದ ಸಿಂಬಿ ಇಡಿ. ಬರಿ ಮರದ ಮೇಲೆ ಇಟ್ಟರೆ ಮೇಜೂ ನಾದಕ್ಕೆ ಸೇರಿಕೊಂಡು ತಂತಿ ಜಿರ್ ಎನ್ನುತ್ತದೆ.