ಹಳೆ ಪಿಸಿಯಲ್ಲಿ ರೂಟರ್ ಮಾಡಬೇಕು, ಎರಡನೇ ನೆಟ್‌ವರ್ಕ್ ಕಾರ್ಡ್‌ಗೆ ಏನು ಮಾಡಲಿ?

ಪ್ರಶ್ನೆ

ಮಂಚದ ಕೆಳಗೆ ಒಂದು ಹಳೆ ಡೆಸ್ಕ್‌ಟಾಪ್ ಎರಡು ವರ್ಷದಿಂದ ಧೂಳು ತಿನ್ನುತ್ತಾ ಬಿದ್ದಿದೆ. ಎರಡನೇ ತಲೆಮಾರಿನ ಕೋರ್ ಐ3, 4 ಜಿಬಿ ರ್‍ಯಾಮ್. ಲ್ಯಾಪ್‌ಟಾಪ್‌ನಿಂದ ಬಿಚ್ಚಿದ 120 ಜಿಬಿ ಎಸ್‌ಎಸ್‌ಡಿ ಕೂಡ ಇದೆ. ಇಷ್ಟರಲ್ಲೇ ರೂಟರ್ ಮಾಡೋಣ ಅಂತ ಆಸೆ.

ಕಾರಣ ಹೇಳುತ್ತೇನೆ. ನಾನು ಫೋಟೋ ಬ್ಯಾಕಪ್‌ಗೆ ಹಾಕಿದ ತಕ್ಷಣ ತಂಗಿಯ ವಿಡಿಯೋ ಕ್ಲಾಸ್‌ನಲ್ಲಿ ಧ್ವನಿ ರೋಬೋಟ್ ಆಗುತ್ತದೆ. ಪಕ್ಕದ ಕೋಣೆಯಿಂದ "ಅಕ್ಕಾ, ನಿಲ್ಸು" ಅಂತ ಕೂಗು ಬರುತ್ತದೆ. ಲೈನ್ ಡೌನ್‌ಲೋಡ್ 100, ಅಪ್‌ಲೋಡ್ 20 ಎಂಬಿಪಿಎಸ್. ಸ್ಪೀಡ್ ಟೆಸ್ಟ್ ಮಾಡಿದರೆ ಪೂರ್ತಿ ಬರುತ್ತದೆ. ಹಾಗಾಗಿ ಈಗಿನ ಡಬ್ಬಿ ರೂಟರ್ ಮೇಲೇ ಅನುಮಾನ.

ರೂಟರ್‌ಗೆ ಎರಡು ಪೋರ್ಟ್ ಬೇಕು, ಇಂಟರ್‌ನೆಟ್ ಕಡೆಗೊಂದು, ಮನೆ ಕಡೆಗೊಂದು. ಮದರ್‌ಬೋರ್ಡ್‌ನಲ್ಲಿ ಒಂದೇ ಲ್ಯಾನ್ ಪೋರ್ಟ್, ರಿಯಲ್‌ಟೆಕ್‌ನದು. ಡ್ರಾಯರ್‌ನಲ್ಲಿ ಹಳೆ ಪಿಸಿಐ ಕಾರ್ಡ್ ಸಿಕ್ಕಿತು, ಚಿಪ್ ಮೇಲೆ ಆರ್‌ಟಿಎಲ್8139 ಅಂತಿದೆ. ಅದನ್ನೇ ಹಾಕಲಾ? ರೂಟರ್ ಸಾಫ್ಟ್‌ವೇರ್‌ಗೆ ಓಪನ್‌ಸೆನ್ಸ್ ಒಳ್ಳೆಯದಾ, ಓಪನ್‌ಡಬ್ಲ್ಯೂಆರ್‌ಟಿ ಒಳ್ಳೆಯದಾ?

ಉತ್ತರ 1

8139 ನೋಡಿ ನಗು ಬಂತು. ಫ್ರೀಬಿಎಸ್‌ಡಿ ಅನ್ನೋ ಆಪರೇಟಿಂಗ್ ಸಿಸ್ಟಂನಲ್ಲಿ ಆ ಚಿಪ್‌ಗೆ ಡ್ರೈವರ್ ಬರೆದವನೇ ಕೋಡ್‌ನೊಳಗೆ ಬೈದಿದ್ದಾನೆ, 'ಲೋ ಎಂಡ್' ಅನ್ನೋ ಮಾತಿಗೇ ಇದು ಹೊಸ ಅರ್ಥ ಕೊಟ್ಟಿದೆ ಅಂತ. ಬಂದ ಪ್ರತಿ ಪ್ಯಾಕೆಟ್ ಅನ್ನೂ, ಅಂದರೆ ಡೇಟಾದ ಪ್ರತಿ ತುಂಡನ್ನೂ, ಸಿಪಿಯು ಇನ್ನೊಮ್ಮೆ ಕಾಪಿ ಮಾಡಿಕೊಳ್ಳಬೇಕು. ನಿಮ್ಮ ಐ3ಗೆ ಅದೇನೂ ಭಾರವಲ್ಲ, ಆದರೆ ಕಾರ್ಡ್ 100 ಎಂಬಿಪಿಎಸ್‌ನದು. ನಿಮ್ಮ ಲೈನ್‌ಗೆ ಅಂಚಿನಲ್ಲಿ ಸಾಕು, ನಾಳೆ ಪ್ಲಾನ್ ಹೆಚ್ಚಿಸಿದರೆ ಸಾಲದು.

ಬೋರ್ಡ್‌ನಲ್ಲಿ ಪಿಸಿಐ ಎಕ್ಸ್‌ಪ್ರೆಸ್ ಎಕ್ಸ್1 ಸ್ಲಾಟ್ ಖಾಲಿ ಇದ್ದರೆ ಇಂಟೆಲ್ ಗಿಗಾಬಿಟ್ ಕಾರ್ಡ್ ಹುಡುಕಿ. ಆಫೀಸ್‌ಗಳು ಎಸೆಯುವ ಪಿಸಿಗಳಲ್ಲಿ ಸಿಗುತ್ತವೆ. ಹಳೆ ಪಿಸಿಐ ಬಸ್ ಒಟ್ಟು ಸೆಕೆಂಡಿಗೆ 133 ಮೆಗಾಬೈಟ್ ಮಾತ್ರ, ಅದನ್ನೂ ಎಲ್ಲ ಕಾರ್ಡ್‌ಗಳು ಹಂಚಿಕೊಳ್ಳಬೇಕು. ಎಕ್ಸ್1ನಲ್ಲಿ ಕಡಿಮೆ ಅಂದರೂ ಹೋಗೋಕೆ 250, ಬರೋಕೆ 250, ಬೇರೆ ಬೇರೆ. ಯುಎಸ್‌ಬಿ ಅಡಾಪ್ಟರ್ ಮಾತ್ರ ಬೇಡ. ಎರಡು ದಿನ ಸುಮ್ನಿದ್ದು ಮೂರನೇ ದಿನ ಮಾಯ ಆಗುವುದು ನಾನೇ ಅನುಭವಿಸಿದ್ದೇನೆ.

ಇನ್ನು ನಿಮ್ಮ ತೊಂದರೆ ಸ್ಪೀಡ್‌ನದಲ್ಲ, ಸಾಲಿನದು. ಅಪ್‌ಲೋಡ್ ತುಂಬಿದಾಗ ಪ್ಯಾಕೆಟ್‌ಗಳು ಮೋಡೆಮ್‌ನಲ್ಲಿ ಕ್ಯೂ ನಿಲ್ಲುತ್ತವೆ, ತಂಗಿಯ ಧ್ವನಿ ನಿಮ್ಮ ಫೋಟೋಗಳ ಹಿಂದೆ ಕಾಯುತ್ತದೆ. ಬಫರ್‌ಬ್ಲೋಟ್ ಅನ್ನುತ್ತಾರೆ. ಒಂದು ಕಡೆ ಬ್ಯಾಕಪ್ ಓಡಿಸಿ, ಇನ್ನೊಂದು ಕಡೆ ಪಿಂಗ್ ಹಾಕಿ ನೋಡಿ, ಪ್ಯಾಕೆಟ್ ಹೋಗಿ ಬರೋಕೆ ಎಷ್ಟು ಹೊತ್ತು ಅಂತ ತೋರಿಸುತ್ತದೆ. ಓಪನ್‌ಡಬ್ಲ್ಯೂಆರ್‌ಟಿಯಲ್ಲಿ ಕ್ಯೂ ನಿಭಾಯಿಸುವ ಎಸ್‌ಕ್ಯೂಎಂ ಪ್ಯಾಕೇಜ್ ಹಾಕಿ, ಅದರಲ್ಲಿ 'ಕೇಕ್' ಅನ್ನೋ ವಿಧಾನ ಆರಿಸಿ, ಮಿತಿಯನ್ನು ಲೈನ್‌ಗಿಂತ ಹತ್ತು ಪರ್ಸೆಂಟ್ ಕಡಿಮೆ ಇಡಿ. ಆಗ ಕ್ಯೂ ನಿಮ್ಮ ಕೈಗೆ ಬರುತ್ತದೆ. ಓಪನ್‌ಸೆನ್ಸ್‌ನಲ್ಲೂ ಇಂಥದ್ದು ಇದೆ, ಆದರೆ ಮೊದಲ ಸಲಕ್ಕೆ ನಾನು ಓಪನ್‌ಡಬ್ಲ್ಯೂಆರ್‌ಟಿ ಅಂತಲೇ ಹೇಳುವುದು.

ಉತ್ತರ 2

ಕರೆಂಟ್ ಲೆಕ್ಕವನ್ನು ಯಾರೂ ಹೇಳಲಿಲ್ಲ. ಅಂಥ ಡೆಸ್ಕ್‌ಟಾಪ್ ಸುಮ್ಮನೆ ಕೂತಿದ್ದರೂ 40–50 ವ್ಯಾಟ್ ತಿನ್ನಬಹುದು. 45 ಅಂತ ಇಟ್ಟುಕೊಂಡರೂ ದಿನಕ್ಕೆ ಒಂದು ಯೂನಿಟ್‌ಗಿಂತ ಜಾಸ್ತಿ, ವರ್ಷಕ್ಕೆ 394. ಗ್ರಾಫಿಕ್ಸ್ ಕಾರ್ಡ್ ಇದ್ದರೆ ಕಿತ್ತಿಡಿ, ಡಿವಿಡಿ ಡ್ರೈವ್‌ನ ವೈರ್ ತೆಗೆಯಿರಿ, ತಿರುಗುವ ಹಾರ್ಡ್ ಡಿಸ್ಕ್ ಬೇಡವೇ ಬೇಡ. ಇಷ್ಟಾದರೂ ಮಾಡಿ. ನನ್ನ ಕೇಳಿದರೆ, ಇದರಲ್ಲಿ ಆರು ತಿಂಗಳು ಕಲಿತು ಆಮೇಲೆ ಮಿನಿ ಪಿಸಿಗೆ ಹೋಗಿ.

ಪ್ರಶ್ನೆ ಕೇಳಿದವಳು

ಇಬ್ಬರಿಗೂ ಥ್ಯಾಂಕ್ಸ್. ಪಿಂಗ್ ನೋಡಿದೆ. ಸುಮ್ನೆ ಇದ್ದಾಗ 14 ಮಿಲಿಸೆಕೆಂಡ್, ಬ್ಯಾಕಪ್ ಓಡುವಾಗ 400 ದಾಟಿತು! ಇಷ್ಟು ದಿನ ತಂಗಿಯ ಹೆಡ್‌ಫೋನ್ ಕೆಟ್ಟಿದೆ ಅಂತ ವಾದ ಮಾಡುತ್ತಿದ್ದೆ.

ಗೆಳತಿಯ ಆಫೀಸ್‌ನ ಗುಜರಿ ರಾಶಿಯಲ್ಲಿ ಇಂಟೆಲ್ ಕಾರ್ಡ್ ಸಿಕ್ಕಿತು. ಓಪನ್‌ಡಬ್ಲ್ಯೂಆರ್‌ಟಿಯ ಎಕ್ಸ್86 ಇಮೇಜ್ (ಪಿಸಿಗೆಂದೇ ಇರುವ ಫೈಲ್) ಅನ್ನು ಎಸ್‌ಎಸ್‌ಡಿಗೆ ಬರೆದೆ. 120 ಜಿಬಿಯಲ್ಲಿ 100 ಎಂಬಿ ಚಿಲ್ಲರೆ ಮಾತ್ರ ತೋರಿಸಿದಾಗ ಜೀವ ಹೋಯಿತು, ಆಮೇಲೆ ಓದಿದೆ, ಅದರ ಪಾರ್ಟಿಶನ್ನೇ ಅಷ್ಟು ಚಿಕ್ಕದಂತೆ.

ಈಗ ಸಿಕ್ಕಿಬಿದ್ದಿದ್ದೇನೆ. 192.168.1.1 ಹೊಡೆದರೆ ಓಪನ್‌ಡಬ್ಲ್ಯೂಆರ್‌ಟಿ ಪುಟ ತೆರೆಯುತ್ತದೆ. ಆದರೆ ಇಂಟರ್‌ನೆಟ್ ಇಲ್ಲ. ಕೇಬಲ್ ಅದಲು ಬದಲು ಮಾಡಿಯೂ ನೋಡಿದೆ. ವ್ಯಾನ್ ಕಡೆ, ಅಂದರೆ ಇಂಟರ್‌ನೆಟ್ ಬರುವ ಪೋರ್ಟ್‌ಗೆ, ಐಪಿ ವಿಳಾಸ ಸಿಕ್ಕಿದೆ, 192.168.1.23 ಅಂತ ತೋರಿಸುತ್ತಿದೆ. ರಾತ್ರಿ ಒಂದಾಯಿತು, ಬೆಳಗ್ಗೆ ಎಂಟಕ್ಕೆ ತಂಗಿಗೆ ಕ್ಲಾಸ್.

ಉತ್ತರ 1

ಉತ್ತರ ನಿಮ್ಮ ಕೊನೆಯ ಸಾಲುಗಳಲ್ಲೇ ಇದೆ. ಒಳಗೂ 192.168.1, ಹೊರಗೂ 192.168.1. ನಿಮ್ಮ ಮೋಡೆಮ್‌ನ ವಿಳಾಸವೂ 192.168.1.1 ಆಗಿರಬೇಕು. ಒಂದೇ ಬೀದಿಯ ಹೆಸರು ಮನೆಯ ಎರಡೂ ಬಾಗಿಲಿಗೆ ಬರೆದ ಹಾಗೆ, ಪ್ಯಾಕೆಟ್ ಯಾವ ಬಾಗಿಲಿಂದ ಹೊರಗೆ ಹೋಗಬೇಕು? ಲ್ಯಾನ್ ವಿಳಾಸವನ್ನು 192.168.10.1 ಮಾಡಿ, ಲ್ಯಾಪ್‌ಟಾಪ್‌ನ ಕೇಬಲ್ ಕಿತ್ತು ಮತ್ತೆ ಹಾಕಿ.

ಮುಂದೆ ಪುರುಸೊತ್ತಾದಾಗ ಮೋಡೆಮ್ ಅನ್ನು ಬ್ರಿಡ್ಜ್ ಮೋಡ್‌ಗೆ (ರೂಟರ್ ಕೆಲಸ ಬಿಟ್ಟು ಬರೀ ಲೈನ್ ದಾಟಿಸುವ ಹಾಗೆ) ಹಾಕಿ, ಎರಡು ಸಲ ನ್ಯಾಟ್, ಅಂದರೆ ವಿಳಾಸ ಬದಲಾವಣೆ, ಆಗುವುದು ತಪ್ಪುತ್ತದೆ. ಪಿಪಿಪಿಒಇ (ಲಾಗಿನ್ ಕೇಳುವ) ಲೈನ್ ಆದರೆ ಯೂಸರ್‌ನೇಮ್, ಪಾಸ್‌ವರ್ಡ್ ಮೊದಲೇ ಬರೆದಿಟ್ಟುಕೊಳ್ಳಿ. ಹಳೆ ರೂಟರ್ ಎಸೆಯಬೇಡಿ, ವೈಫೈಗೆ ಅದೇ ಬೇಕು. ಅದರಲ್ಲಿ ವಿಳಾಸ ಹಂಚುವ ಡಿಎಚ್‌ಸಿಪಿ ಆಫ್ ಮಾಡಿ, ಅದಕ್ಕೂ 192.168.10ರಲ್ಲೇ ಬೇರೆ ವಿಳಾಸ ಕೊಡಿ. ಕೇಬಲ್ ಅನ್ನು ವ್ಯಾನ್‌ಗೆ ಅಲ್ಲ, ಅದರ ಲ್ಯಾನ್ ಪೋರ್ಟ್‌ಗೆ ಚುಚ್ಚಿ.

ಪ್ರಶ್ನೆ ಕೇಳಿದವಳು

ಬಂತು! ರಾತ್ರಿ 1:40ಕ್ಕೆ. ವಿಳಾಸ ಬದಲಿಸಿದ್ದಷ್ಟೇ.

ಒಂದು ವಾರ ಆದ ಮೇಲೆ ಬರೆಯುತ್ತಿದ್ದೇನೆ. ಎಸ್‌ಕ್ಯೂಎಂನಲ್ಲಿ 90 ಮತ್ತು 18 ಇಟ್ಟೆ. ಬ್ಯಾಕಪ್ ಓಡುವಾಗ ಪಿಂಗ್ ಈಗ 20ರ ಆಸುಪಾಸು. ತಂಗಿಗೆ ಹೇಳದೆ ಮೂರು ದಿನ ಪೂರ್ತಿ ಬ್ಯಾಕಪ್ ಓಡಿಸಿದೆ, ಕೂಗು ಬರಲಿಲ್ಲ.

ಒಂದೇ ಅವಾಂತರ. ನಾನು ಹೊರಗಿದ್ದಾಗ ಕರೆಂಟ್ ಹೋಗಿ ಬಂತು, ಡಬ್ಬ ಏಳಲೇ ಇಲ್ಲ. ಬಯೋಸ್‌ನಲ್ಲಿ ಕರೆಂಟ್ ಬಂದಾಗ ತಾನೇ ಆನ್ ಆಗುವ ಸೆಟ್ಟಿಂಗ್ ಹಾಕಿದೆ. ಮುಂದಿನ ಸಲ ಅದೂ ಮರೆತುಹೋಗಿತ್ತು, ಕೀಬೋರ್ಡ್ ಇಲ್ಲ, ಎಫ್1 ಒತ್ತಿ ಅಂತ ಪರದೆ ಮೇಲೆ ನಿಂತಿತ್ತು. ಕೀಬೋರ್ಡ್ ಇಲ್ಲದಿದ್ದರೆ ಎಫ್1 ಒತ್ತುವುದು ಹೇಗೆ ಅಂತ ಬರೆದವರನ್ನೇ ಕೇಳಬೇಕು. ಕೊನೆಗೆ ನೋಡಿದರೆ ಬಯೋಸ್ ಸೆಟ್ಟಿಂಗ್ ನೆನಪಿಡುವ, ಬೋರ್ಡ್ ಮೇಲಿನ ಸಿಆರ್2032 ಬಟನ್ ಸೆಲ್ ಸತ್ತಿತ್ತು. ಹೊಸದು ಹಾಕಿ, ತಪ್ಪಿದ್ದರೂ ನಿಲ್ಲದೆ ಬೂಟ್ ಆಗು ಅಂತ ಸೆಟ್ ಮಾಡಿದೆ. ಆಮೇಲೆ ಬೇಕಂತಲೇ ಎರಡು ಸಲ ಪ್ಲಗ್ ಕಿತ್ತು ನೋಡಿದೆ, ಎರಡೂ ಸಲ ತಾನೇ ಎದ್ದಿತು.

ಗ್ರಾಫಿಕ್ಸ್ ಕಾರ್ಡ್ ಇರಲಿಲ್ಲ, ಡಿವಿಡಿ ಡ್ರೈವ್ ತೆಗೆದೆ. 8139 ಮತ್ತೆ ಡ್ರಾಯರ್ ಸೇರಿತು. ಎಸೆಯೋಕೆ ಮನಸ್ಸು ಬರಲಿಲ್ಲ.