ಕತ್ತಿನ ರಕ್ತನಾಳದ ಗೋಡೆ 0.92 ಮಿ.ಮೀ. ಅಂತೆ, ಹೆದರಬೇಕಾ?

ಗಾಬರಿಗಣಪ:
ಹೆಲ್ತ್ ಚೆಕಪ್ ಪ್ಯಾಕೇಜಿನಲ್ಲಿ ಕತ್ತಿನ ಸ್ಕ್ಯಾನೂ ಸೇರಿತ್ತು. ನಾನು ಕೇಳಿರಲಿಲ್ಲ, ಅವರೇ ಮಾಡಿದರು. ರಿಪೋರ್ಟಿನಲ್ಲಿ ಕೆರೊಟಿಡ್ ಐಎಂಟಿ (ಕತ್ತಿನ ದೊಡ್ಡ ರಕ್ತನಾಳದ ಗೋಡೆಯ ದಪ್ಪ) ಬಲಗಡೆ 0.92, ಎಡಗಡೆ 0.78 ಅಂತ ಇದೆ. 0.92ರ ಪಕ್ಕ ಕೆಂಪು ಬಾಣ. ಕೆಳಗೆ ಸಣ್ಣಕ್ಷರದಲ್ಲಿ 'ಪ್ಲಾಕ್ ಇಲ್ಲ', ಅಂದರೆ ಗೋಡೆಯಲ್ಲಿ ಕೊಬ್ಬಿನ ಗಡ್ಡೆ ಕಟ್ಟಿಲ್ಲ ಅಂತ. ನನಗೆ 47 ವರ್ಷ. ಬಿಪಿ 138/88, ಎಲ್‌ಡಿಎಲ್ (ಕೆಟ್ಟ ಕೊಲೆಸ್ಟ್ರಾಲ್) 146, ಶುಗರ್ ಸರಿಯಿದೆ. ಸಿಗರೇಟು ಬಿಟ್ಟು ಮೂರು ವರ್ಷ ಆಯಿತು. ಅಪ್ಪನಿಗೆ 51ಕ್ಕೇ ಹಾರ್ಟ್ ಅಟ್ಯಾಕ್ ಆಗಿತ್ತು. ರಿಪೋರ್ಟ್ ಕೊಟ್ಟವರು 'ನಿಮ್ಮ ರಕ್ತನಾಳಕ್ಕೆ 60 ವರ್ಷ' ಅಂದುಬಿಟ್ಟರು. ಆವತ್ತಿಂದ ಕತ್ತು ಒತ್ತಿ ಒತ್ತಿ ನೋಡಿಕೊಳ್ಳುತ್ತಿದ್ದೇನೆ. ಆರು ತಿಂಗಳಿಗೆ ಮತ್ತೆ ಸ್ಕ್ಯಾನ್‌ಗೆ ಬನ್ನಿ ಅಂದಿದ್ದಾರೆ. ಹೋಗಬೇಕಾ?

ಪ್ರೋಬ್ ಹಿಡಿದವಳು:
ಮೊದಲು ಕತ್ತು ಒತ್ತೋದು ನಿಲ್ಲಿಸಿ ಸರ್. ತಮಾಷೆಗೆ ಹೇಳುತ್ತಿಲ್ಲ. ಅಲ್ಲಿ ಒತ್ತಿದರೆ ಎದೆಬಡಿತ ನಿಧಾನವಾಗಿ ತಲೆ ಸುತ್ತಬಹುದು.

ನಾನು 14 ವರ್ಷದಿಂದ ಸ್ಕ್ಯಾನ್ ಮಾಡುತ್ತಿರುವವಳು, ಡಾಕ್ಟರ್ ಅಲ್ಲ. ನಮಗೆ ಪರದೆಯಲ್ಲಿ ಕಾಣೋದು ಎರಡು ಬಿಳಿ ಗೆರೆ, ನಡುವೆ ಒಂದು ಕಪ್ಪು ಪಟ್ಟಿ. ಆ ಎರಡು ಗೆರೆಗಳ ನಡುವಿನ ದೂರವೇ ನಿಮ್ಮ 0.92. ಅದರಲ್ಲಿ ಗೋಡೆಯ ಒಳಪದರವೂ ಇದೆ, ನಡುವಿನ ಸ್ನಾಯು ಪದರವೂ ಇದೆ. ಕೊಬ್ಬು ಸೇರಿಕೊಳ್ಳೋದು ಒಳಪದರದಲ್ಲಿ. ಬಿಪಿ ಜಾಸ್ತಿಯಾದರೆ ದಪ್ಪವಾಗೋದು ಮುಖ್ಯವಾಗಿ ಸ್ನಾಯು. ವಯಸ್ಸಾದರೂ ದಪ್ಪವಾಗುತ್ತದೆ. ಮಿಷನ್‌ಗೆ ಇವನ್ನು ಬೇರೆ ಬೇರೆ ಮಾಡಿ ತೋರಿಸಲು ಬರಲ್ಲ.

ಇನ್ನು ಅಳತೆ. ಗೋಡೆ ದಪ್ಪವಾಗೋದು ವರ್ಷಕ್ಕೆ ಹೆಚ್ಚುಕಡಿಮೆ 0.01 ಮಿ.ಮೀ. ನಮ್ಮ ಕೈ ಸ್ವಲ್ಪ ಓರೆಯಾದರೂ ಅದರ ಹತ್ತು ಪಟ್ಟು ವ್ಯತ್ಯಾಸ ಬರುತ್ತದೆ. ಒಮ್ಮೆ ನಮ್ಮ ಜೊತೆಯವರೊಬ್ಬರ ಕತ್ತನ್ನು ಒಂದೇ ಬೆಳಿಗ್ಗೆ ಮೂರು ಸಲ ನೋಡಿದ್ದೆ. 0.71, 0.79, 0.68 ಬಂತು. ಮಧ್ಯದಲ್ಲಿ ಅವರು ಮಾಡಿದ್ದು ಕಾಫಿ ಕುಡಿದಿದ್ದೊಂದೇ! ಹಾಗಿರುವಾಗ ಆರು ತಿಂಗಳಿಗೆ ನಾನು ಏನು ಕಂಡುಹಿಡಿಯಲಿ?

ರಿಪೋರ್ಟಿನ ಜೊತೆ ಚಿತ್ರ ಕೊಟ್ಟಿದ್ದಾರಾ? ಅಳತೆಯ ಗುರುತು ಎಲ್ಲಿ ಹಾಕಿದ್ದಾರೆ, ನಾಳ ಎರಡಾಗಿ ಕವಲೊಡೆಯುವ ಜಾಗದ ಹತ್ತಿರವಾ?

ಗಾಬರಿಗಣಪ:
ಹೌದು ಮೇಡಂ! ಬಲಗಡೆ ಒಂದೇ ಒಂದು ಗುರುತು, ನಾಳ ಉಬ್ಬಿದ ಹಾಗೆ ಕಾಣುವ ಜಾಗಕ್ಕೆ ಅಂಟಿಕೊಂಡಂತೆ ಇದೆ. ಎಡಗಡೆ ಅದಕ್ಕಿಂತ ಕೆಳಗೆ.

ಪ್ರೋಬ್ ಹಿಡಿದವಳು:
ಅಂದುಕೊಂಡೆ. ಆ ಉಬ್ಬಿನಲ್ಲಿ ಗೋಡೆ ಸಹಜವಾಗಿಯೇ ದಪ್ಪ. ಅದಕ್ಕೇ ಅಲ್ಲಿಂದ ಒಂದು ಸೆಂ.ಮೀ. ಆದರೂ ಕೆಳಗೆ, ನೇರ ಭಾಗದಲ್ಲಿ, ಉದ್ದಕ್ಕೂ ಅಳೆದು ಸರಾಸರಿ ತೆಗೆಯಬೇಕು. ನಿಮ್ಮ ಬಲಗಡೆ, ಎಡಗಡೆ ಲೆಕ್ಕಗಳು ಬೇರೆ ಬೇರೆ ಜಾಗದವು. ಹೋಲಿಸಲಿಕ್ಕೇ ಬರಲ್ಲ. ನಾನಾದರೆ ಆ ರಿಪೋರ್ಟಿನಲ್ಲಿ 'ಪ್ಲಾಕ್ ಇಲ್ಲ' ಅನ್ನೋ ಸಾಲಿಗೇ ಜಾಸ್ತಿ ಬೆಲೆ ಕೊಡುತ್ತೇನೆ. ಗೋಡೆ ಒಂದು ಕಡೆ 1.5 ಮಿ.ಮೀ. ದಾಟಿದ್ದರೆ, ಇಲ್ಲಾ ಅಕ್ಕಪಕ್ಕಕ್ಕಿಂತ ಒಂದೂವರೆ ಪಟ್ಟು ಉಬ್ಬಿದ್ದರೆ ಪ್ಲಾಕ್ ಅಂತ ಬರೆಯುತ್ತೇವೆ. ಅದು ಕಂಡರೆ ಕಥೆಯೇ ಬೇರೆ.

ಅಂಕಿಅಂಶದ ಹುಳ:
ಈ ಅಳತೆಗೆ ಅರ್ಥವೇ ಇಲ್ಲ ಅಂತ ಯಾರೂ ತಿಳಿಯಬೇಡಿ. ಗೋಡೆ ದಪ್ಪ ಇದ್ದವರಲ್ಲಿ ಹಾರ್ಟ್ ಅಟ್ಯಾಕ್, ಸ್ಟ್ರೋಕ್ ಜಾಸ್ತಿ ಅನ್ನೋದು ದೊಡ್ಡ ದೊಡ್ಡ ಅಧ್ಯಯನಗಳಲ್ಲಿ ಕಂಡಿದೆ. ಆದರೆ ವಯಸ್ಸು, ಬಿಪಿ, ಕೊಲೆಸ್ಟ್ರಾಲ್, ಸಿಗರೇಟು ಇಷ್ಟು ಗೊತ್ತಿದ್ದ ಮೇಲೆ ಇದು ಹೊಸದಾಗಿ ಏನು ಹೇಳುತ್ತದೆ ಅನ್ನೋದೇ ಪ್ರಶ್ನೆ. 2012ರಲ್ಲಿ 14 ಅಧ್ಯಯನಗಳ 45 ಸಾವಿರಕ್ಕೂ ಜಾಸ್ತಿ ಜನರ ಲೆಕ್ಕ ಒಟ್ಟಿಗೆ ಹಾಕಿ ನೋಡಿದರು. ಈ ಅಳತೆ ಸೇರಿಸಿದ್ದರಿಂದ ಅಪಾಯದ ಅಂದಾಜು ಸುಧಾರಿಸಿದ್ದು ಒಂದು ಪರ್ಸೆಂಟಿಗಿಂತ ಕಡಿಮೆ. ಅಮೆರಿಕದ ಹೃದಯ ತಜ್ಞರ ಮಾರ್ಗಸೂಚಿ 2010ರಲ್ಲಿ ಇದನ್ನು ಒಪ್ಪಿತ್ತು, 2013ರಲ್ಲಿ ಎಲ್ಲರಿಗೂ ಮಾಡೋದು ಬೇಡ ಅಂದಿತು. ಕೊಲೆಸ್ಟ್ರಾಲ್ ಮಾತ್ರೆ ಶುರು ಮಾಡಬೇಕೋ ಬೇಡವೋ ಅಂತ ತೀರ್ಮಾನ ಆಗದಿದ್ದರೆ ಈಗ ಸಿಟಿ ಸ್ಕ್ಯಾನಿನಲ್ಲಿ ಹೃದಯದ ರಕ್ತನಾಳದ ಕ್ಯಾಲ್ಸಿಯಂ ನೋಡುತ್ತಾರೆ. ಅದು ಇದಕ್ಕಿಂತ ಚೆನ್ನಾಗಿ ಹೇಳುತ್ತದೆ.

ನಿಮ್ಮ ಪ್ರಶ್ನೆಯಲ್ಲಿ ನನ್ನ ಕಣ್ಣಿಗೆ ಬಿದ್ದಿದ್ದು 0.92 ಅಲ್ಲ, ಅಪ್ಪನ 51. ಅಪ್ಪನಿಗೋ ಅಣ್ಣತಮ್ಮಂದಿರಿಗೋ 55ರೊಳಗೆ ಆಗಿದ್ದರೆ ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳಲೇಬೇಕು.

ಸೋಮಾರಿಸಿದ್ದ:
ನಾನು ಸ್ವಲ್ಪ ಅಡ್ಡಮಾತು ಆಡುತ್ತೇನೆ. ಸ್ವೀಡನ್‌ನಲ್ಲಿ ಮೂರೂವರೆ ಸಾವಿರ ಜನರ ಕತ್ತು ಸ್ಕ್ಯಾನ್ ಮಾಡಿ, ಅರ್ಧ ಜನಕ್ಕೆ ಮಾತ್ರ ಅವರವರ ಚಿತ್ರ ತೋರಿಸಿದ್ದರು. 'ರಕ್ತನಾಳದ ವಯಸ್ಸು' ಅನ್ನೋದೂ ಆ ಚಿತ್ರದಲ್ಲಿತ್ತು. ವರ್ಷದ ನಂತರ ಚಿತ್ರ ನೋಡಿದವರ ಹೃದಯದ ಕಾಯಿಲೆಯ ಅಪಾಯದ ಅಂಕವೇ ಕಡಿಮೆ ಇತ್ತು. ನನಗೂ ಹಾಗೇ ಆಗಿದ್ದು. ಎರಡು ವರ್ಷ ಡ್ರಾಯರ್‌ನಲ್ಲಿ ಬಿದ್ದಿದ್ದ ಕೊಲೆಸ್ಟ್ರಾಲ್ ಮಾತ್ರೆಯನ್ನು ಚಿತ್ರ ನೋಡಿದ ರಾತ್ರಿಯೇ ನುಂಗಿದೆ.

ಪ್ರೋಬ್ ಹಿಡಿದವಳು:
ಒಪ್ಪಿದೆ ಸಿದ್ದಣ್ಣ. ಆದರೆ ನಿಮ್ಮಂಥವರು ಮಾತ್ರೆ ನುಂಗುತ್ತಾರೆ, ಇವರಂಥವರು ಕತ್ತು ಹಿಸುಕಿಕೊಳ್ಳುತ್ತಾರೆ.

ಗಾಬರಿಗಣಪ (ಮೂರು ವಾರದ ನಂತರ):
ಡಾಕ್ಟರ್ ಹತ್ತಿರ ಹೋಗಿಬಂದೆ. ಅಪ್ಪನ ವಿಷಯವನ್ನೇ ತುಂಬಾ ಹೊತ್ತು ಕೇಳಿದರು. ಒಂದು ವಾರ ಬೆಳಿಗ್ಗೆ ಸಂಜೆ ಮನೆಯಲ್ಲೇ ಬಿಪಿ ನೋಡಿ ಬರೆಯಲು ಹೇಳಿದರು. ಸರಾಸರಿ 137/87 ಬಂತು. ಕೊಲೆಸ್ಟ್ರಾಲ್ ಇಳಿಸುವ ಸ್ಟ್ಯಾಟಿನ್ ಮಾತ್ರೆ ಶುರುವಾಗಿದೆ, ಉಪ್ಪು ಕಡಿಮೆ. ಬಿಪಿ ಮಾತ್ರೆ ವಿಷಯ ಮುಂದಿನ ತಿಂಗಳು ನೋಡೋಣ ಅಂದರು. ಸ್ಕ್ಯಾನ್ ರಿಪೋರ್ಟ್ ನಾನೇ ಮುಂದೆ ಇಟ್ಟೆ. 'ಪ್ಲಾಕ್ ಇಲ್ಲ ತಾನೇ?' ಅಂತ ಕೇಳಿ ವಾಪಸ್ ಕೊಟ್ಟರು. ಆರು ತಿಂಗಳ ಸ್ಕ್ಯಾನ್ ರದ್ದು ಮಾಡಿಸಿದೆ. ಕೈ ಮಾತ್ರ ಆಗಾಗ ಕತ್ತಿನ ಕಡೆ ಹೋಗುತ್ತೆ ಮೇಡಂ, ಬೈಯಬೇಡಿ.