ಓವನ್ ಇಲ್ಲದೆ ಕಟ್ಟುವ ತರಕಾರಿ ಉಂಡೆಗಳು: ಮರುದಿನ ಮೆತ್ತಗಾಗದಂತೆ ಮಾಡುವುದು ಹೇಗೆ?

ಪ್ರಶ್ನೆ: ಹಸಿರುಬುಟ್ಟಿ

ಎಲ್ಲರಿಗೂ ನಮಸ್ಕಾರ. ಓಟ್ಸ್, ಖರ್ಜೂರ ಮತ್ತು ಪೀನಟ್ ಬಟರ್ ಸೇರಿಸಿ, ಓವನ್ನಿನ ಹಂಗಿಲ್ಲದೆ ಕಟ್ಟುವ ಸಣ್ಣ ಉಂಡೆಗಳನ್ನು ಮಕ್ಕಳ ತಿಂಡಿಗೆಂದು ನಾನು ಆಗಾಗ ಮಾಡುತ್ತೇನೆ. ಇಷ್ಟನ್ನೇ ಹಾಕಿದಾಗ ಅವು ಗಟ್ಟಿಯಾಗಿ, ಚೊಕ್ಕವಾಗಿ ಬರುತ್ತವೆ. ಆದರೆ ನಾಲ್ಕು ವರ್ಷದ ಮಗ ಮತ್ತು ಎಂಟು ವರ್ಷದ ಮಗಳು ಇಬ್ಬರೂ ತಟ್ಟೆಯಲ್ಲಿ ತರಕಾರಿ ಕಂಡೊಡನೆ ಬದಿಗೆ ಸರಿಸುವುದರಿಂದ, ತುರಿದ ಕ್ಯಾರೆಟ್ಟನ್ನೋ ಪಾಲಕ್ ಸೊಪ್ಪನ್ನೋ ಈ ಉಂಡೆಗಳೊಳಗೆ ಸೇರಿಸಲು ಆರಂಭಿಸಿದ್ದೇನೆ. ತೊಂದರೆ ಶುರುವಾದದ್ದು ಅಲ್ಲಿಂದಲೇ. ಕಟ್ಟುವಾಗ ಸರಿಯಾಗಿಯೇ ಇರುವ ಉಂಡೆಗಳು ಮರುದಿನ ಡಬ್ಬಿ ತೆರೆದಾಗ ತಳದಲ್ಲಿ ನೀರು ಬಿಟ್ಟುಕೊಂಡು, ಒಂದಕ್ಕೊಂದು ಅಂಟಿಕೊಂಡು, ಕೈಗೆತ್ತಿಕೊಂಡರೆ ಚಪ್ಪಟೆಯಾಗುತ್ತವೆ. ಓಟ್ಸ್ ಹೆಚ್ಚಿಸಿದರೆ ಗಟ್ಟಿಯಾಗುವುದೇನೋ ನಿಜ, ಆದರೆ ಬಾಯಿಗೆ ಹಸಿ ಹಿಟ್ಟಿನಂತೆ ಹತ್ತುವುದರಿಂದ ಮಕ್ಕಳು ಅರ್ಧ ಕಚ್ಚಿ ಬಿಟ್ಟುಬಿಡುತ್ತಾರೆ.

ಯಾವ ತರಕಾರಿಯನ್ನು ಹಸಿಯಾಗಿ ಸೇರಿಸಬಹುದು, ಯಾವುದನ್ನು ಬೇಯಿಸಿಯೇ ಸೇರಿಸಬೇಕು, ಹಾಗೆ ಮಾಡಿದ ಉಂಡೆಗಳನ್ನು ಎಷ್ಟು ದಿನ ಇಡಬಹುದು ಎಂಬುದನ್ನು ತಿಳಿದವರು ವಿವರಿಸಿದರೆ ಉಪಕಾರವಾಗುತ್ತದೆ. ಮಗಳ ಶಾಲೆಗೆ ಕಡಲೆಕಾಯಿ, ಬಾದಾಮಿಯಂಥ ಪದಾರ್ಥಗಳನ್ನು ತರುವಂತಿಲ್ಲವಾದ್ದರಿಂದ, ಅವುಗಳ ಬದಲಿಗೆ ಏನು ಬಳಸಬಹುದು ಎಂಬುದನ್ನೂ ದಯವಿಟ್ಟು ತಿಳಿಸಿ.

ಉತ್ತರ: ತುರಿಮಣೆ

ನೀವು ಹೇಳಿದ ಲಕ್ಷಣಗಳೆಲ್ಲ ನೀರಿನವು. ಕ್ಯಾರೆಟ್ ಮತ್ತು ಬೀಟ್‌ರೂಟ್‌ಗಳ ತೂಕದಲ್ಲಿ ನೂರಕ್ಕೆ ಸುಮಾರು 88 ಪಾಲು ನೀರೇ ಇರುತ್ತದೆ. ಪಾಲಕ್, ಸಿಹಿಕುಂಬಳ, ಹೂಕೋಸುಗಳಲ್ಲಿ 90ಕ್ಕಿಂತ ಹೆಚ್ಚು. ಸೌತೆಯಂತೆ ಕಾಣುವ ಜುಕಿನಿಯಲ್ಲಿ 95ರ ಆಸುಪಾಸು. ಖರ್ಜೂರದಲ್ಲಿ ಮೂರನೇ ಎರಡು ಭಾಗದಷ್ಟು ಸಕ್ಕರೆಯಿದ್ದು, ಆ ಸಕ್ಕರೆ ಪಕ್ಕದಲ್ಲಿರುವ ಹಸಿ ತುರಿಯೊಳಗಿನ ನೀರನ್ನು ರಾತ್ರಿಯಿಡೀ ಹೊರಗೆಳೆಯುತ್ತಲೇ ಇರುತ್ತದೆ. ಸಂಜೆ ಗಟ್ಟಿಯಾಗಿದ್ದ ಉಂಡೆ ಬೆಳಗಾಗುವಷ್ಟರಲ್ಲಿ ನೀರು ಬಿಡುವುದು ಇದೇ ಕಾರಣಕ್ಕೆ. ಆದ್ದರಿಂದ ಓಟ್ಸ್ ಹೆಚ್ಚಿಸಿ ನೀರನ್ನು ಹೀರಿಸುವ ಬದಲು, ತರಕಾರಿ ಬಟ್ಟಲಿಗೆ ಬೀಳುವ ಮೊದಲೇ ಅದರ ನೀರನ್ನು ತೆಗೆಯುವುದು ಸರಿಯಾದ ದಾರಿ.

ಕ್ಯಾರೆಟ್, ಬೀಟ್‌ರೂಟ್, ಜುಕಿನಿಗಳನ್ನು ಹಸಿಯಾಗಿಯೇ ಬಳಸಬಹುದು. ತುರಿಮಣೆಯ ಅತಿ ಸಣ್ಣ ಕಣ್ಣಿನ ಬದಿಯಲ್ಲಿ ತುರಿದು, ಚಿಟಿಕೆ ಉಪ್ಪು ಬೆರೆಸಿ ಹತ್ತು ನಿಮಿಷ ಬಿಟ್ಟು, ತೆಳು ಬಟ್ಟೆಯಲ್ಲಿ ಕಟ್ಟಿ ಹಿಂಡಿರಿ. ಮೊದಲು ರಸ ಧಾರೆಯಾಗಿ ಸುರಿಯುತ್ತದೆ, ಆಮೇಲೆ ಹನಿಹನಿಯಾಗುತ್ತದೆ. ಅಲ್ಲಿಗೇ ನಿಲ್ಲಿಸದೆ ಗಂಟನ್ನು ಬಿಚ್ಚಿ, ತುರಿಯನ್ನು ಬೆರಳಿನಿಂದ ಸಡಿಲಿಸಿ, ಮತ್ತೊಮ್ಮೆ ಕಟ್ಟಿ ಹಿಂಡಿದರೆ ಮಧ್ಯದಲ್ಲಿ ಉಳಿದಿದ್ದ ನೀರೂ ಬರುತ್ತದೆ. ಮುಷ್ಟಿಯಲ್ಲಿ ಒತ್ತಿ ಬಿಟ್ಟಾಗ ತುರಿ ಬಿಡಿಬಿಡಿಯಾಗಿ ಉದುರಿ, ಅಂಗೈ ಬರೀ ಪಸೆಯಾಗಿ ಉಳಿದರೆ ಸಾಕು. ಹಿಂಡಿದ ರಸದೊಡನೆ ನೀರಿನಲ್ಲಿ ಕರಗುವ ಒಂದಷ್ಟು ಪೋಷಕಾಂಶ ಹೋಗುವುದು ನಿಜವಾದರೂ, ನಾರು ಮತ್ತು ದೇಹ ವಿಟಮಿನ್ ಎ ಆಗಿ ಬದಲಿಸಿಕೊಳ್ಳುವ ಕ್ಯಾರೆಟ್ಟಿನ ಬೀಟಾ ಕೆರೊಟಿನ್ ಬಹುಪಾಲು ತುರಿಯಲ್ಲೇ ಉಳಿಯುತ್ತವೆ. ರಸವನ್ನು ಸಾರಿಗೋ ಸೂಪಿಗೋ ಹಾಕಿದರೆ ಅದೂ ವ್ಯರ್ಥವಾಗುವುದಿಲ್ಲ.

ಸಿಹಿಗೆಣಸು, ಸಿಹಿಕುಂಬಳ, ಹೂಕೋಸುಗಳನ್ನು ಬೇಯಿಸಿಯೇ ಸೇರಿಸಬೇಕು. ನೀರಿನಲ್ಲಿ ಕುದಿಸದೆ ಹಬೆಯಲ್ಲಿ ಬೇಯಿಸಿ, ನುಣ್ಣಗೆ ಮಸೆದು, ಅಗಲವಾದ ಬಾಣಲೆಯಲ್ಲಿ ಸಣ್ಣ ಉರಿಯ ಮೇಲೆ ಕೈಯಾಡಿಸುತ್ತಿರಿ. ಸೌಟನ್ನು ಎಳೆದಾಗ ಬಾಣಲೆಯ ತಳ ಗೆರೆಯಾಗಿ ಕಂಡು, ಆ ಗೆರೆ ಕೂಡಲೇ ಮುಚ್ಚಿಕೊಳ್ಳದೆ ನಿಂತರೆ ನೀರು ಸಾಕಷ್ಟು ಆರಿದೆ ಎಂದು ತಿಳಿಯಬಹುದು. ಅದು ಪೂರ್ತಿ ತಣ್ಣಗಾಗುವವರೆಗೆ ಓಟ್ಸ್ ಜೊತೆ ಬೆರೆಸಬೇಡಿ. ಬಿಸಿಯಿರುವಾಗ ಬೆರೆಸಿದರೆ ಎಣ್ಣೆಯಂಶ ಬೇರ್ಪಟ್ಟು, ಉಂಡೆ ಸರಿಯಾಗಿ ಬಿಗಿಯಾಗದಿರಬಹುದು.

ಹಸಿ ಹಿಟ್ಟಿನ ರುಚಿಗೆ ಪರಿಹಾರ ಸುಲಭ. ಚಪ್ಪಟೆ ಓಟ್ಸನ್ನು ಒಣ ಬಾಣಲೆಯಲ್ಲಿ ಘಮ ಬರುವವರೆಗೆ ಹುರಿದು, ಆರಿದ ಮೇಲೆ ಅರ್ಧದಷ್ಟನ್ನು ಮಾತ್ರ ಮಿಕ್ಸಿಯಲ್ಲಿ ಪುಡಿ ಮಾಡಿ. ಪುಡಿ ಉಂಡೆಯನ್ನು ಕಟ್ಟಿ ಹಿಡಿಯುತ್ತದೆ, ಇಡೀ ಓಟ್ಸ್ ಅಗಿಯಲು ಸಿಗುತ್ತದೆ.

ನಾನು ಬಳಸುವ ಅಳತೆ ಹೀಗಿದೆ: ಓಟ್ಸ್ 100 ಗ್ರಾಂ, ಬೀಜ ತೆಗೆದ ಖರ್ಜೂರ 120 ಗ್ರಾಂ, ಸೂರ್ಯಕಾಂತಿ ಬೀಜದ ಬೆಣ್ಣೆ (ಬೀಜವನ್ನು ನುಣ್ಣಗೆ ಅರೆದ ಪೇಸ್ಟ್) 60 ಗ್ರಾಂ, ಹಿಂಡುವ ಮೊದಲು ತೂಗಿದ ಕ್ಯಾರೆಟ್ ತುರಿ 80 ಗ್ರಾಂ, ಅಗಸೆ ಬೀಜದ ಪುಡಿ ಮತ್ತು ಕೋಕೋ ಪುಡಿ ಒಂದೊಂದು ದೊಡ್ಡ ಚಮಚ. ಶಾಲೆಯ ನಿಯಮಕ್ಕೆ ಸೂರ್ಯಕಾಂತಿ ಇಲ್ಲವೆ ಕುಂಬಳದ ಬೀಜ ಹೊಂದುತ್ತದೆ. ಎಳ್ಳಿನ ಪೇಸ್ಟ್ ಕೂಡ ಚೆನ್ನಾಗಿಯೇ ಅಂಟುತ್ತದೆ, ಆದರೆ ಎಳ್ಳಿಗೂ ಅಲರ್ಜಿಯಿರುವ ಮಕ್ಕಳು ಇರುವುದರಿಂದ ಶಾಲೆಯವರನ್ನು ಕೇಳಿಯೇ ಬಳಸುವುದು ಒಳ್ಳೆಯದು. ಖರ್ಜೂರ ಮತ್ತು ಬೀಜದ ಬೆಣ್ಣೆಯನ್ನು ಮೊದಲು ಒಟ್ಟಿಗೆ ಅರೆದು, ಅದಕ್ಕೆ ಓಟ್ಸ್ ಮತ್ತು ಪುಡಿಗಳನ್ನು ಬೆರೆಸಿ, ತರಕಾರಿಯನ್ನು ಕೊನೆಯಲ್ಲಿ ಹಾಕಿ. ಆಮೇಲೆ ಅರ್ಧ ಗಂಟೆ ಫ್ರಿಜ್ಜಿನಲ್ಲಿಟ್ಟು ಕಟ್ಟಿದರೆ ಓಟ್ಸ್ ತನಗೆ ಬೇಕಾದಷ್ಟು ಪಸೆಯನ್ನು ಹೀರಿಕೊಂಡಿರುತ್ತದೆ. ಆಗಲೂ ಕೈಗೆ ಅಂಟಿದರೆ ಒಂದು ಚಮಚ ಚಿಯಾ ಬೀಜ ಸೇರಿಸಿ ಇನ್ನೊಂದು ಕಾಲು ಗಂಟೆ ಬಿಡಿ.

ಉತ್ತರ: ಬೆಳಕಿಂಡಿ

ತುರಿಮಣೆ ಅವರು ನೀರಿನ ವಿಷಯವನ್ನು ಚೆನ್ನಾಗಿ ವಿವರಿಸಿದ್ದಾರೆ. ಒಲೆಯ ಶಾಖ ಕಾಣದ ತಿಂಡಿಯಲ್ಲಿ ಸುರಕ್ಷತೆಯೂ ಅಷ್ಟೇ ಮುಖ್ಯವಾದುದರಿಂದ ಆ ಬಗ್ಗೆ ಕೆಲವು ಮಾತು ಸೇರಿಸುತ್ತೇನೆ.

ಅಂಗಡಿಯಲ್ಲಿ ಸಿಗುವ ಚಪ್ಪಟೆ ಓಟ್ಸ್ ತಯಾರಿಕೆಯ ಹಂತದಲ್ಲೇ ಹಬೆಗೆ ಒಡ್ಡಿಕೊಂಡಿರುತ್ತದೆಯಾದ್ದರಿಂದ ಅದನ್ನು ಬೇಯಿಸದೆ ತಿನ್ನುವ ರೂಢಿಯಿದೆ. ಗೋಧಿ ಹಿಟ್ಟು, ಮೈದಾಗಳು ಹಾಗಲ್ಲ. ಹಸಿ ಹಿಟ್ಟಿನಲ್ಲಿ ಸಾಲ್ಮೊನೆಲ್ಲಾ, ಇ. ಕೋಲಿಯಂಥ ರೋಗಾಣುಗಳು ಇರಬಹುದಾದ್ದರಿಂದ, ಉಂಡೆ ಗಟ್ಟಿಯಾಗಲೆಂದು ಅವನ್ನು ಹಾಗೆಯೇ ಬೆರೆಸುವುದು ಖಂಡಿತ ಸಲ್ಲದು. ನೆಲದಡಿ ಬೆಳೆಯುವ ಗೆಡ್ಡೆಗಳನ್ನು ಹರಿಯುವ ನೀರಿನಲ್ಲಿ ಉಜ್ಜಿ ತೊಳೆದು, ಸಿಪ್ಪೆ ಹೆರೆದು, ಆಮೇಲೆ ತುರಿಯಬೇಕು. ಹಿಂಡುವ ಬಟ್ಟೆಯನ್ನು ಇದಕ್ಕೆಂದೇ ಬೇರೆಯಾಗಿಟ್ಟು, ಪ್ರತಿ ಸಲವೂ ಬಿಸಿನೀರಿನಲ್ಲಿ ಒಗೆದು ಒಣಗಿಸಿ.

ತರಕಾರಿಯಿಲ್ಲದ ಉಂಡೆಗಿಂತ ತರಕಾರಿಯ ಉಂಡೆಯಲ್ಲಿ ಪಸೆ ಹೆಚ್ಚಿರುವುದರಿಂದ ಅದು ಬೇಗ ಕೆಡುತ್ತದೆ. ಅದನ್ನು ಹೊರಗಿಡದೆ, 4 ಡಿಗ್ರಿ ಸೆಲ್ಸಿಯಸ್ ಅಥವಾ ಅದಕ್ಕಿಂತ ಕಡಿಮೆ ತಾಪದ ಫ್ರಿಜ್ಜಿನಲ್ಲಿಟ್ಟು ಮೂರು ನಾಲ್ಕು ದಿನಗಳೊಳಗೆ ಮುಗಿಸಿ. ಹೆಚ್ಚು ಮಾಡಿದ್ದರೆ ತಟ್ಟೆಯಲ್ಲಿ ಬಿಡಿಬಿಡಿಯಾಗಿ ಹರಡಿ ಫ್ರೀಜರಿನಲ್ಲಿ ಗಟ್ಟಿಯಾಗಿಸಿ, ನಂತರ ಡಬ್ಬಿಗೆ ತುಂಬಿದರೆ ಒಂದೆರಡು ತಿಂಗಳು ರುಚಿ ಕೆಡದೆ ಇರುತ್ತವೆ.

ನಿಮ್ಮ ಮಗನಿಗೆ ನಾಲ್ಕೇ ವರ್ಷವೆಂದು ಬರೆದಿದ್ದೀರಿ. ದುಂಡಗಿನ, ಜಿಗುಟಾದ ತಿಂಡಿ ಆ ವಯಸ್ಸಿನ ಮಕ್ಕಳ ಗಂಟಲಲ್ಲಿ ಸಿಕ್ಕಿಕೊಳ್ಳುವ ಅಪಾಯವಿದೆ. ಅವನ ಪಾಲಿನದನ್ನು ಉಂಡೆ ಕಟ್ಟದೆ ಬೆರಳಿನಷ್ಟು ದಪ್ಪಕ್ಕೆ ಚಪ್ಪಟೆಯಾಗಿ ಒತ್ತಿ, ಸಣ್ಣ ತುಂಡುಗಳಾಗಿ ಕತ್ತರಿಸಿ, ಕೂತು ತಿನ್ನುವಾಗ ಮಾತ್ರ ಕೊಡಿ. ಇಡೀ ಬೀಜಗಳನ್ನು ಹಾಕದೆ ಪುಡಿಯನ್ನೇ ಬಳಸಿ. ಖರ್ಜೂರದ ಬದಲು ಜೇನುತುಪ್ಪ ಸೇರಿಸಿದ ಉಂಡೆಯನ್ನು ಒಂದು ವರ್ಷ ತುಂಬದ ಮಗುವಿಗೆ ಚೂರೂ ಕೊಡಬಾರದು, ಏಕೆಂದರೆ ಅದರಿಂದ ಶಿಶುಗಳಿಗೆ ಬಾಟ್ಯುಲಿಸಂ ಎಂಬ ಗಂಭೀರ ಕಾಯಿಲೆ ಬರಬಹುದು.

ಹಸಿರುಬುಟ್ಟಿ

ಇಬ್ಬರಿಗೂ ಹೃತ್ಪೂರ್ವಕ ಧನ್ಯವಾದಗಳು. ಚಪ್ಪಟೆಯಾಗಿ ಒತ್ತುವ ಸಲಹೆಯನ್ನು ಇಂದಿನಿಂದಲೇ ಪಾಲಿಸುತ್ತೇನೆ. ಇನ್ನೆರಡು ಸಂದೇಹಗಳಿವೆ. ಪಾಲಕ್ ಹಾಕಿದಾಗ ಹಸಿರು ಬಣ್ಣ ಮತ್ತು ಸೊಪ್ಪಿನ ವಾಸನೆ ಎದ್ದು ಕಾಣುವುದನ್ನು ತಪ್ಪಿಸುವುದು ಹೇಗೆ? ಉಂಡೆಯಲ್ಲಿ ತರಕಾರಿಯಿದೆ ಎಂಬುದನ್ನು ಮಕ್ಕಳಿಗೆ ಹೇಳಬೇಕೇ, ಬೇಡವೇ? ಮಗಳು ಮೊನ್ನೆ ಉಂಡೆಯನ್ನು ಮುರಿದು, ಕಿತ್ತಳೆ ಬಣ್ಣದ ಎಳೆಯೊಂದನ್ನು ಉಗುರಿನಿಂದ ಎಳೆದು ತೆಗೆದು, ಇದೇನೆಂದು ಕೇಳಿದಳು.

ಉತ್ತರ: ಕಾಳುಕಡಿ

ಎರಡನೆಯ ಪ್ರಶ್ನೆಗೆ ನನ್ನ ಅಭಿಪ್ರಾಯವನ್ನು ನೇರವಾಗಿ ಹೇಳುತ್ತೇನೆ: ಹೇಳಬೇಕು, ಅದರಲ್ಲೂ ಎಂಟು ವರ್ಷದ ಮಗು ಕೇಳಿದಾಗ ಇದ್ದದ್ದನ್ನು ಇದ್ದಂತೆಯೇ ಹೇಳಬೇಕು. ಬಚ್ಚಿಟ್ಟದ್ದು ಒಮ್ಮೆ ಬಯಲಾದರೆ ಮಗು ಉಂಡೆಯ ಜೊತೆಗೆ ಉಳಿದ ತಿಂಡಿಗಳನ್ನೂ ಅನುಮಾನಿಸತೊಡಗುತ್ತದೆ. ಮಗು ಹೊಸ ತರಕಾರಿಯೊಂದನ್ನು ಒಪ್ಪಿಕೊಳ್ಳುವ ಮೊದಲು ಅದನ್ನು ಹತ್ತು ಹದಿನೈದು ಸಲವಾದರೂ ನೋಡಿ, ಮುಟ್ಟಿ, ರುಚಿ ನೋಡಬೇಕಾಗಬಹುದು. ಗುಟ್ಟಾಗಿ ತಿಂದದ್ದು ಆ ಲೆಕ್ಕಕ್ಕೆ ಬರುವುದಿಲ್ಲ.

ಪ್ರಮಾಣವನ್ನೂ ಸ್ವಲ್ಪ ಲೆಕ್ಕ ಹಾಕಿ ನೋಡೋಣ. ತುರಿಮಣೆ ಅವರ ಅಳತೆಯಲ್ಲಿ 20 ಗ್ರಾಮಿನ ಸುಮಾರು ಹದಿನಾರು ಉಂಡೆಗಳಾಗುತ್ತವೆ ಎಂದುಕೊಂಡರೆ ಒಂದೊಂದರಲ್ಲಿ ಇರುವುದು 5 ಗ್ರಾಂ ಕ್ಯಾರೆಟ್. ವಿಶ್ವ ಆರೋಗ್ಯ ಸಂಸ್ಥೆಯು 2023ರ ಮಾರ್ಗಸೂಚಿಯಲ್ಲಿ ದಿನಕ್ಕೆ ಕನಿಷ್ಠ ಇಷ್ಟು ತರಕಾರಿ ಮತ್ತು ಹಣ್ಣು ಬೇಕೆಂದು ಹೇಳಿರುವುದು 2ರಿಂದ 5 ವರ್ಷದ ಮಕ್ಕಳಿಗೆ 250 ಗ್ರಾಂ, 6ರಿಂದ 9 ವರ್ಷದವರಿಗೆ 350 ಗ್ರಾಂ. ಎರಡು ಉಂಡೆ ತಿಂದರೆ 10 ಗ್ರಾಂ ಸೇರುತ್ತದೆ. ಜೊತೆಗೆ ಖರ್ಜೂರದಿಂದ ಒಂದೊಂದು ಉಂಡೆಯಲ್ಲೂ ಒಂದು ಚಹಾ ಚಮಚಕ್ಕಿಂತ ತುಸು ಹೆಚ್ಚು ಸಕ್ಕರೆ ಇರುತ್ತದೆ. ಇಡೀ ಹಣ್ಣಿನ ಸಕ್ಕರೆಯೊಡನೆ ನಾರೂ ಇರುವುದರಿಂದ ಅದು ಸಿರಪ್ಪಿಗಿಂತ ಮೇಲು, ಆದರೂ ಖರ್ಜೂರ ಹಲ್ಲಿಗೆ ಅಂಟಿಕೊಳ್ಳುವ ಕಾರಣ ತಿಂದ ಮೇಲೆ ನೀರು ಕುಡಿಸುವುದು ಒಳ್ಳೆಯದು. ಇವನ್ನು ಪೌಷ್ಟಿಕ ತಿಂಡಿಯೆಂದು ಧಾರಾಳವಾಗಿ ಮಾಡಿ. ಊಟದ ತರಕಾರಿಯ ಬದಲಿಯೆಂದು ಮಾತ್ರ ಎಣಿಸಬೇಡಿ.

ಮಗಳ ಕೈಯಲ್ಲೇ ಕ್ಯಾರೆಟ್ ಹಿಂಡಿಸಿ, ಬಟ್ಟೆಯಿಂದ ಕಿತ್ತಳೆ ರಸ ಇಳಿಯುವುದನ್ನು ಅವಳೇ ನೋಡಲಿ. ತಾನು ಕಟ್ಟಿದ ಉಂಡೆಯನ್ನು ಮಗು ರುಚಿ ನೋಡದೆ ಬಿಡುವುದು ಅಪರೂಪ.

ಉತ್ತರ: ತುರಿಮಣೆ

ಕಾಳುಕಡಿ ಅವರ ಮಾತಿಗೆ ನನ್ನ ಸಹಮತವಿದೆ. ಉಂಡೆ ನಯವಾಗಿ ಬರಲಿ, ಎಳೆ ಹಲ್ಲಿಗೆ ಸಿಗದಿರಲಿ ಎಂದಷ್ಟೇ ತರಕಾರಿಯನ್ನು ನುಣ್ಣಗೆ ಮಾಡೋಣ.

ಪಾಲಕ್ ಸೊಪ್ಪನ್ನು ಕುದಿಯುವ ನೀರಿನಲ್ಲಿ ಒಂದು ನಿಮಿಷವಷ್ಟೇ ಮುಳುಗಿಸಿ, ಕೂಡಲೇ ತಣ್ಣೀರಿಗೆ ಹಾಕಿ, ಬಲವಾಗಿ ಹಿಂಡಿ, ಖರ್ಜೂರದೊಡನೆ ಅರೆಯಿರಿ. ಇದರಿಂದ ಹಸಿ ವಾಸನೆ ಇಳಿಯುತ್ತದೆ, ಸೊಪ್ಪಿನಲ್ಲಿರುವ, ಕ್ಯಾಲ್ಸಿಯಂ ಹೀರಿಕೆಗೆ ಅಡ್ಡಿಯಾಗುವ ಆಕ್ಸಲೇಟ್ ಕೂಡ ಒಂದಷ್ಟು ನೀರಿಗೆ ಹೋಗುತ್ತದೆ. ಕೋಕೋ ಪುಡಿ ಎರಡು ಚಮಚ ಹಾಕಿದರೆ ಹಸಿರು ಬಣ್ಣ ಪೂರ್ತಿ ಮುಚ್ಚಿಹೋಗುತ್ತದೆ. ಆದರೆ ಕಬ್ಬಿಣಾಂಶಕ್ಕೆಂದು ಪಾಲಕ್ ಹಾಕುತ್ತಿದ್ದರೆ ಈ ಜೋಡಿಯನ್ನು ನೆಚ್ಚಿಕೊಳ್ಳಬೇಡಿ, ಏಕೆಂದರೆ ಸಸ್ಯಮೂಲದ ಕಬ್ಬಿಣವನ್ನು ದೇಹ ಹೀರಿಕೊಳ್ಳುವುದನ್ನು ಕೋಕೋದಲ್ಲಿರುವ ಪಾಲಿಫಿನಾಲ್ ಎಂಬ ಸಸ್ಯ ಸಂಯುಕ್ತಗಳು ತಗ್ಗಿಸುತ್ತವೆ. ಕ್ಯಾರೆಟ್ ಮತ್ತು ಸಿಹಿಗೆಣಸಿನ ಉಂಡೆಗೆ ಹಾಗಲ್ಲ: ಬೀಟಾ ಕೆರೊಟಿನ್ ಕೊಬ್ಬಿನೊಡನೆ ಚೆನ್ನಾಗಿ ಒಳಸೇರುವುದರಿಂದ ಬೀಜದ ಬೆಣ್ಣೆ ಅಲ್ಲಿ ನಿಜವಾಗಿಯೂ ಉಪಕಾರಿ.

ಬೀಟ್‌ರೂಟಿನ ಮಣ್ಣಿನ ವಾಸನೆಗೆ ಕಿತ್ತಳೆ ಸಿಪ್ಪೆಯ ತುರಿ ಒಂದು ಚಿಟಿಕೆ ಸಾಕು. ಶಾಖ ತಾಕದ ಕಾರಣ ಅದರ ಕೆಂಪು ಬಣ್ಣ ಮಾಸುವುದಿಲ್ಲ, ಮುಚ್ಚಿಡುವ ಅಗತ್ಯವೂ ನನಗೆ ಕಂಡಿಲ್ಲ. ತಿಂದ ಮೇಲೆ ಕೆಲವರಿಗೆ ಮೂತ್ರ ಕೆಂಪಗೆ ಬರುವುದುಂಟು. ಮಕ್ಕಳು ಗಾಬರಿಯಾಗದಂತೆ ಮೊದಲೇ ತಿಳಿಸಿಡಿ. ಮೊದಲ ಸಲಕ್ಕೆ ಕ್ಯಾರೆಟ್ಟಿನಿಂದಲೇ ಆರಂಭಿಸಿ, ಹಿಂಡುವ ಮೊದಲು ಮತ್ತು ಹಿಂಡಿದ ನಂತರ ತುರಿಯನ್ನು ತೂಗಿ ಬರೆದಿಟ್ಟುಕೊಳ್ಳಿ. ಉಂಡೆ ನಿಮಗೆ ಬೇಕಾದ ಹದಕ್ಕೆ ಬಂದಾಗ ಹಿಂಡಿದ ತುರಿಯ ಆ ತೂಕವನ್ನೇ ಉಳಿದ ತರಕಾರಿಗಳಿಗೂ ಹಿಡಿದರೆ, ಬೇರೆ ತರಕಾರಿ ಹಾಕಿದಾಗ ಓಟ್ಸ್ ಅಳತೆಯನ್ನು ಹೆಚ್ಚೇನೂ ಬದಲಿಸಬೇಕಾಗುವುದಿಲ್ಲ.